ನಾಲ್ಕು ಟೆಲಿಗ್ರಾಂಗಳ ಪಿಟೀಲು

ಬರೆದವನ ಹೊಟ್ಟೆ ಉರಿಸಬೇಕೆಂದು ಮನಸ್ಸು ಮಾಡಿದ ಪ್ರಕಾಶಕನಿಗೆ ಇಡೀ ಪುಸ್ತಕ ಕೆಡಿಸುವ ಶ್ರಮವೇನೂ ಬೇಕಾಗಿಲ್ಲ. ಎರಡಕ್ಷರ ಕೆಡಿಸಿದರೆ ಸಾಕು. ನಮ್ಮ ಮೀಟರ್ ಸಾಹಿತಿಯ ಪಾಲಿಗೆ ಆ ಎರಡಕ್ಷರ ‘ತಂತಿ’.

ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದಲ್ಲಿ ಗುಮಾಸ್ತನಾಗಿದ್ದುಕೊಂಡು ಕತೆ ಕಾದಂಬರಿ ಎಂದು ಗೀಚುತ್ತಿದ್ದವನಿಗೆ ಬೀದಿಯವರು ಇಟ್ಟ ಹೆಸರು ಮೀಟರ್ ಸಾಹಿತಿ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಚೆಗೆ ಮುಖದ ಮುಂದೆಯೇ ಕರೆಯುತ್ತಿದ್ದರು. ಅದನ್ನೂ ಅವನು ನುಂಗಿಕೊಂಡಿದ್ದ. ಪುಸ್ತಕ ಬರಲಿ, ಆಮೇಲೆ ಇವರ ಬಾಯಿ ತಾನಾಗಿ ಮುಚ್ಚುತ್ತದೆ ಎಂದುಕೊಂಡಿದ್ದ. ಪುಸ್ತಕ ಆವತ್ತು ಬೆಳಿಗ್ಗೆ ಬಂತು. ಅಚ್ಚಿನ ಮನೆಯವರು ಎರಡು ಕಟ್ಟು ತಂದು ಬಾಗಿಲ ಮುಂದೆ ಧೊಪ್ಪೆಂದು ಎಸೆದು ಹೋದರು. ಬಿಡುಗಡೆ ಸಮಾರಂಭ ಅದೇ ದಿನ ಸಂಜೆ, ವಾಚನಾಲಯದ ಸಭಾಂಗಣದಲ್ಲಿ.

ಹಲ್ಲುಜ್ಜುತ್ತಿದ್ದವನು ಬ್ರಷ್ ಬಾಯಲ್ಲಿಟ್ಟುಕೊಂಡೇ ಕಟ್ಟು ಬಿಚ್ಚಿದ. ರಕ್ಷಾಪುಟ ಚೆನ್ನಾಗಿತ್ತು. ಪಿಟೀಲಿನ ಚಿತ್ರ, ಅದರ ಒಂದು ತಂತಿ ಕಡಿದು ಸುರುಳಿಯಾಗಿ ಮೇಲೆದ್ದಿದೆ, ಹಿಂದೆ ಬಂದೂಕು ಹೊತ್ತ ನೆರಳುಗಳು. ಮೇಲೆ ದೊಡ್ಡದಾಗಿ ‘ತಂತಿ ಕಡಿದ ಸಂಜೆ’, ಕೆಳಗೆ ಚಿಕ್ಕದಾಗಿ ‘ಐತಿಹಾಸಿಕ ಕಾದಂಬರಿ’. ಎದೆ ಉಬ್ಬಿಸಿಕೊಂಡು ಮೊದಲ ಪುಟ ತೆಗೆದ. ಮೊದಲ ವಾಕ್ಯ ಹೀಗಿತ್ತು: ‘ಅವನು ಪಿಟೀಲಿನ ನಾಲ್ಕು ಟೆಲಿಗ್ರಾಂಗಳನ್ನೂ ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಂದೊಂದನ್ನೇ ಬಿಗಿಮಾಡಿ ಶ್ರುತಿ ಕೂಡಿಸಿದ.’

ನಿದ್ದೆಗಣ್ಣು ಎಂದುಕೊಂಡು ಕಣ್ಣುಜ್ಜಿಕೊಂಡ. ಕಣ್ಣಿಗೆ ಪೇಸ್ಟು ಹೋಗಿ ಉರಿಯಿತೇ ಹೊರತು ವಾಕ್ಯ ಬದಲಾಗಲಿಲ್ಲ. ಪುಟ ತಿರುವಿದ. ‘ತುಕ್ಕು ಹಿಡಿದ ಟೆಲಿಗ್ರಾಂಯನ್ನು ಬೆರಳಿನಿಂದ ಮೀಟಿದ.’ ಇನ್ನೊಂದು ಪುಟ. ‘ಊರಿನ ಮೇಲೆ ಭಯ ಬಂದು ಕುಳಿಟೆಲಿಗ್ರಾಂತ್ತು.’ ಇದೇನು ಭಾಷೆ ಎಂದು ಬಾಯಿಬಿಟ್ಟು ಎರಡು ಸಲ ಓದಿದ ಮೇಲೆ ಹೊಳೆಯಿತು, ತಾನು ಬರೆದದ್ದು ‘ಕುಳಿತಂತಿತ್ತು’ ಎಂದು. ಅದರ ಹೊಟ್ಟೆಯಲ್ಲಿ ಅಡಗಿ ಕುಳಿತಿದ್ದ ತಂತಿಯನ್ನೂ ಪಾಪಿಗಳು ಬಿಟ್ಟಿರಲಿಲ್ಲ. ಮೊದಲ ಅಧ್ಯಾಯದ ಕೊನೆಯ ವಾಕ್ಯವಂತೂ ಎಲ್ಲವನ್ನೂ ಮೀರಿಸಿತ್ತು. ‘ಆ ಸಂಜೆ ಟೆಲಿಗ್ರಾಂ ಕಡಿದುಹೋಯಿತು, ಅದರೊಂದಿಗೆ ಅವನ ಬದುಕೂ.’

ಈ ಕೊನೆಯ ವಾಕ್ಯಕ್ಕೆ ಅವನಿಗೆ ಬಂದ ಸಿಟ್ಟು ಎಂಥದ್ದೆಂದು ತಿಳಿಯಬೇಕಾದರೆ ಅವನ ದೊಡ್ಡಪ್ಪನ ವಿಷಯ ತಿಳಿದಿರಬೇಕು. ಅಪ್ಪ ಹೋದ ಮೇಲೆ ಅವನನ್ನು ಸಾಕಿದವನು ಪಿಟೀಲು ದೊಡ್ಡಪ್ಪ. ವಯಸ್ಸಿನಲ್ಲಿ ಊರಿಗೇ ಹೆಸರಾಗುವಂಥ ಕೈ ಇತ್ತಂತೆ. ಅಷ್ಟರಲ್ಲಿ ಯುದ್ಧ ಬಂತು. ಸೈನ್ಯದ ಬ್ಯಾಂಡಿನ ಜೊತೆ ಹೊರಟುಹೋದವನು ವರ್ಷಗಳ ಮೇಲೆ ತಿರುಗಿ ಬಂದಾಗ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಆಮೇಲೆ ಜೀವಮಾನವೆಲ್ಲ ಬೀದಿಯ ಮಕ್ಕಳಿಗೆ ಸರಿಗಮ ಹೇಳಿಕೊಟ್ಟದ್ದೇ ಬಂತು. ಯುದ್ಧದ ಮಾತು ತೆಗೆದರೆ ದೊಡ್ಡಪ್ಪ ಹೇಳುತ್ತಿದ್ದದ್ದು ಒಂದೇ ಮಾತು: ‘ಅವತ್ತು ತಂತಿ ಕಡಿದುಹೋಯ್ತು ಕಣೋ. ಇಲ್ದಿದ್ರೆ ನನ್ನ ಬದುಕೇ ಬೇರೆ ಇರ್ತಿತ್ತು.’ ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದ.

ಆ ಒಂದು ಮಾತನ್ನು ಹಿಡಿದು ಮೀಟರ್ ಸಾಹಿತಿ ಇಡೀ ಕಾದಂಬರಿ ಕಟ್ಟಿದ್ದ. ಸೇನಾಧಿಪತಿಯ ಎದುರು ಸಂಗೀತ ಕಛೇರಿ, ತುಂಬಿದ ಸಭೆ, ರಾಗ ಏರುತ್ತಿರುವಾಗ ಫಟ್ಟೆಂದು ಕಡಿಯುವ ಮೇಲಿನ ತಂತಿ, ಅವಮಾನವಾಯಿತೆಂದು ಕೆರಳುವ ಸೇನಾಧಿಪತಿ, ಮಾರನೆಯ ದಿನವೇ ಕಲಾವಿದನನ್ನು ಯುದ್ಧಭೂಮಿಗೆ ಅಟ್ಟುವ ಹುಕುಂ. ಅರ್ಧ ಹೇಳಿ ನಿಲ್ಲಿಸಿದ್ದನ್ನು ಊಹಿಸಿ ತುಂಬುವುದು ಕಾದಂಬರಿಕಾರನ ಹಕ್ಕು ತಾನೇ. ಈಗ ದೊಡ್ಡಪ್ಪನಿಗೆ ಕಣ್ಣು ಕಾಣುವುದಿಲ್ಲ, ಎದೆಯಲ್ಲಿ ಕಫ. ಡಾಕ್ಟರು ಬಂದಾಗಲೆಲ್ಲ, ಅದೇನೋ ಪುಸ್ತಕ ಅಂತಿದ್ರಲ್ಲ, ಆದಷ್ಟು ಬೇಗ ತನ್ನಿ ಎನ್ನತೊಡಗಿದ್ದರು. ದೊಡ್ಡಪ್ಪನೂ ಬಾಯಿಬಿಟ್ಟು ಕೇಳಿದ್ದ, ಒಂದು ಸಲ ನನ್ನ ಕತೆಯನ್ನ ಸರಿಯಾಗಿ ಕೇಳಿಬಿಟ್ಟು ಹೋಗ್ತೀನಪ್ಪ ಎಂದು. ಆ ಮಾತು ಮೀಟರ್ ಸಾಹಿತಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಈಗ ಆ ಮುದುಕ ಕೊನೆಗಾಲದಲ್ಲಿ ತಾನು ಟೆಲಿಗ್ರಾಂ ನುಡಿಸಿದ ಕತೆ ಕೇಳಬೇಕೇ?

‘ನಾನೂ ನೋಡ್ದೆ. ಯುದ್ಧದ ಕಾಲದಲ್ಲಿ ಹಂಗೇ ಅಂತಿದ್ರೇನೋ ಅಂದ್ಕೊಂಡೆ’ ಎಂದಳು ಪಕ್ಕದಲ್ಲಿ ಇನ್ನೊಂದು ಪ್ರತಿ ತಿರುವುತ್ತಿದ್ದ ಹೆಂಡತಿ. ಗಾಯದ ಮೇಲೆ ಬರೆ ಎಳೆಯುವುದನ್ನು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಪ್ರಕಾಶಕನಿಗೆ ಫೋನು ಮಾಡಿದ. ಆ ಮಹಾನುಭಾವ ಪಶ್ಚಾತ್ತಾಪ ಪಡುವುದಿರಲಿ, ಶಭಾಷ್‌ಗಿರಿಗೆ ಕಾದು ಕೂತವನಂತೆ ಮಾತಾಡಿದ. ‘ಈಗಿನ ಹುಡುಗರಿಗೆ ತಂತಿ ಅಂದ್ರೆ ಎಲ್ಲಿ ಗೊತ್ತಾಗುತ್ತೆ ಸಾರ್? ಯುದ್ಧದ ಕಾದಂಬರಿ ಅಂದಿದ್ರಿ. ಯುದ್ಧದಲ್ಲಿ ತಂತಿ ಅಂದ್ರೆ ಟೆಲಿಗ್ರಾಮೇ ತಾನೇ. ಅದಕ್ಕೇ ಬದಲಾಯಿಸಿದೆ. ಕಂಪ್ಯೂಟರಿನಲ್ಲಿ ಒಂದೇ ಏಟು, ಎಲ್ಲಾ ಕಡೆ ಆಗೋಯ್ತು.’

‘ಪುಸ್ತಕ ಓದಿದ್ರೇನ್ರೀ ನೀವು?’

‘ಪ್ರಕಾಶಕ ಓದ್ತಾ ಕೂತ್ರೆ ಪ್ರಕಟಿಸೋರು ಯಾರು ಸಾರ್?’

ಅಲ್ಲ, ನೀವೇ ಹೇಳಿ, ಇಂಥವನಿಗೆ ಏನೆನ್ನಬೇಕು? ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ. ಬಿಡುಗಡೆ ಮುಂದಕ್ಕೆ ಹಾಕೋಣ ಎಂದರೆ ಸಭಾಂಗಣ ಇನ್ನು ಮೂರು ತಿಂಗಳು ಸಿಗುವುದಿಲ್ಲವಂತೆ. ಅಷ್ಟು ದಿನ ಕಾಯಲು ದೊಡ್ಡಪ್ಪನಿಗೆ ಪುರುಸೊತ್ತು ಇದೆಯೆಂದು ಡಾಕ್ಟರು ಹೇಳಿರಲಿಲ್ಲ. ‘ಟೆಲಿಗ್ರಾಂ ಎಂದಿರುವಲ್ಲೆಲ್ಲ ತಂತಿ ಎಂದು ಓದಿಕೊಳ್ಳುವುದು’ ಅಂತ ಒಂದು ಚೀಟಿ ಅಂಟಿಸಿದರೆ ಮುಗೀತಲ್ಲ ಎಂದು ಉಪಾಯ ಹೇಳಿ ಪ್ರಕಾಶಕ ಫೋನು ಇಟ್ಟ.

ಚೀಟಿಯಿಂದ ಮುಗಿಯುವ ಹಾಗಿರಲಿಲ್ಲ. ದೊಡ್ಡಪ್ಪನಿಗೆ ಪ್ರತಿದಿನ ಪೇಪರು ಓದಿ ಹೇಳುವವಳು ದೊಡ್ಡಮ್ಮ. ಅಚ್ಚಾದದ್ದನ್ನು ಅಚ್ಚಾದ ಹಾಗೆಯೇ ಓದುವುದು ಆಕೆಯ ವ್ರತ. ಮುದ್ರಣದೋಷವನ್ನೂ ಬಿಡದೆ ಒದರುತ್ತಿದ್ದಳು. ಹಾಗಿದ್ದರೆ ದೊಡ್ಡಮ್ಮನ ಪ್ರತಿ ಒಂದನ್ನು ಸರಿಮಾಡಿ ಕೊಟ್ಟರಾಯಿತಲ್ಲ ಎಂದು ಹೆಂಡತಿ ಕೇಳಿದ್ದು ನ್ಯಾಯವೇ. ಆದರೆ ಸಂಜೆ ಸಭೆಗೆ ದೊಡ್ಡಪ್ಪನ ಹಳೆಯ ಶಿಷ್ಯರೆಲ್ಲ ಬರುವವರಿದ್ದರು. ಅವರೆಲ್ಲ ಪುಸ್ತಕ ಕೊಂಡು ಮನೆಗೆ ಹೋಗಿ ಓದಿ, ಗುರುಗಳು ಅರವತ್ತು ವರ್ಷ ಟೆಲಿಗ್ರಾಂ ಕುಯ್ದರಂತೆ ಎಂದು ನಗಬೇಕೇ? ಒಂದೇ ಒಂದು ಪ್ರತಿಯೂ ಹಾಗೆ ಹೊರಗೆ ಹೋಗಕೂಡದು ಎಂದು ಮೀಟರ್ ಸಾಹಿತಿ ಹಟ ಹಿಡಿದ.

ಅವನ ಕೂಗಾಟ ಕೇಳಿ ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಬಂದರು. ಕರೆಯದಿದ್ದರೂ ಬರುವುದು ಅವರ ಪದ್ಧತಿ. ಜೇಬಿನಲ್ಲಿ ಕೆಂಪು ಪೆನ್ನು ಸದಾ ಇರುತ್ತಿತ್ತು. ವಿಷಯ ಕೇಳಿ ತಲೆಯಾಡಿಸಿದರು. ನಾನು ತಿದ್ದಿಕೊಡ್ತೀನಿ, ನೀನು ಸ್ನಾನ ಮಾಡಿ ಆಫೀಸಿಗೆ ರೆಡಿಯಾಗು ಹೋಗು ಎಂದರು. ದೇವರಂಥ ಮನುಷ್ಯ, ಇಷ್ಟು ದಿನ ಇವರನ್ನು ಸುಮ್ಮನೆ ಬೈದುಕೊಂಡೆನಲ್ಲ ಎಂದು ಮೀಟರ್ ಸಾಹಿತಿ ಸ್ನಾನಕ್ಕೆ ಹೋದ.

ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಮೇಷ್ಟ್ರು ಪುಸ್ತಕಗಳ ರಾಶಿಯನ್ನೇ ಕೆಂಪು ಮಾಡಿಟ್ಟಿದ್ದರು. ಒಂದನ್ನು ತೆಗೆದು ನೋಡಿದ. ‘ಟೆಲಿಗ್ರಾಂಯನ್ನು’ ಎಂಬುದನ್ನು ಹೊಡೆದುಹಾಕಿ, ಮೇಲೆ ಮುತ್ತಿನಂಥ ಅಕ್ಷರದಲ್ಲಿ ‘ಟೆಲಿಗ್ರಾಮನ್ನು’ ಎಂದು ಬರೆದಿದ್ದರು.

‘ಮೇಷ್ಟ್ರೇ, ಅದು ತಂತಿ ಆಗ್ಬೇಕು.’

‘ಅದು ನಿನ್ನ ವಿಚಾರ. ನಾನು ನೋಡೋದು ವ್ಯಾಕರಣ. ಯಕಾರ ಬರಬೇಕಾದ್ರೆ ಹಿಂದೆ ಇಕಾರಾನೋ ಎಕಾರಾನೋ ಬೇಡವೇ? ಟೆಲಿಗ್ರಾಂಯನ್ನು ಅಂತೆ. ಕೇಳೋರು ಹೇಳೋರು ಯಾರೂ ಇಲ್ಲದ ಹಾಗಾಯ್ತು ಈ ಭಾಷೆಗೆ.’

ಮೇಷ್ಟ್ರ ಮುಖ ಸಿಟ್ಟಿನಿಂದ ಅವರ ಪೆನ್ನಿನ ಬಣ್ಣಕ್ಕೇ ತಿರುಗಿತ್ತು. ಅಷ್ಟು ಮಾಡಿ ಸುಮ್ಮನಾಗಿದ್ದರೂ ಆಗುತ್ತಿತ್ತು. ಅಭ್ಯಾಸಬಲದಿಂದ ಪ್ರತಿ ಪುಸ್ತಕದ ಮೊದಲ ಅಧ್ಯಾಯದ ಕೆಳಗೆ ‘ಭಾಷೆ ಸುಮಾರು. ಇನ್ನೂ ಶ್ರಮ ಬೇಕು’ ಎಂದು ಬರೆದು ರುಜು ಹಾಕಿಟ್ಟಿದ್ದರು. ಮೀಟರ್ ಸಾಹಿತಿ ಪುಸ್ತಕಗಳನ್ನೆಲ್ಲ ಬಾಚಿ ಎರಡು ಚೀಲಕ್ಕೆ ತುಂಬಿಕೊಂಡು ಕಚೇರಿಗೆ ಹೊರಟ.

ಕಚೇರಿಯಲ್ಲಿ ರಜೆ ಕೇಳಿದ. ಸಾಹೇಬರು ಕೊಡಲಿಲ್ಲ. ಬಿಲ್ಲು ಹಂಚುವ ವಾರ, ಕೌಂಟರಿನ ಮುಂದೆ ಜನ ಬೀದಿಯವರೆಗೆ ನಿಂತಿದ್ದಾರೆ, ಕಾದಂಬರಿ ಬರೆಯಲು ಸರ್ಕಾರ ಸಂಬಳ ಕೊಡುವುದಿಲ್ಲ ಎಂದು ಇನ್ನೂ ನಾಲ್ಕು ಮಾತು ಸೇರಿಸಿದರು. ತನ್ನ ಮೇಜಿಗೆ ಬಂದು ತಲೆಗೆ ಕೈಹೊತ್ತು ಕೂತ. ಪಕ್ಕದ ಮೇಜಿನ ಟೈಪಿಸ್ಟ್ ಮೇಡಂ ಏನಾಯಿತೆಂದು ಕೇಳಿದರು. ಹೇಳುವಷ್ಟರಲ್ಲಿ ಅಟೆಂಡರೂ ಬಂದು ಕಿವಿಗೊಟ್ಟ. ಎಲ್ಲ ಕೇಳಿಸಿಕೊಂಡು, ಇಷ್ಟಕ್ಕೆ ಯಾಕೆ ಸಾರ್ ತಲೆ ಕೆಡಿಸಿಕೊಳ್ತೀರ, ಒಂದು ಸೀಲು ಮಾಡಿಸಿಬಿಡಿ ಎಂದ.

ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಸೀಲು ಹೊಡೆದರೆ ಪರಿಹಾರವಾಗದ ಕಷ್ಟ ಲೋಕದಲ್ಲಿಲ್ಲ. ಕೋರ್ಟಿನ ಗೇಟಿನ ಹತ್ತಿರ ಕೂರುವ ಸೀಲಿನವನು ಅರ್ಧ ತಾಸಿನಲ್ಲಿ ‘ತಂತಿ’ ಎಂಬ ರಬ್ಬರ್ ಸೀಲು ಮಾಡಿಕೊಟ್ಟ. ಮೇಡಂ ಸ್ಕೇಲಿಟ್ಟು ‘ಟೆಲಿಗ್ರಾಂ’ ಮೇಲೆ ಗೆರೆ ಎಳೆಯುವುದು, ಅಟೆಂಡರ್ ಅದರ ತಲೆಯ ಮೇಲೆ ನೇರಳೆ ಮಸಿಯಲ್ಲಿ ‘ತಂತಿ’ ಒತ್ತುವುದು, ಮೀಟರ್ ಸಾಹಿತಿ ಪುಟ ತಿರುವುತ್ತಾ ಮಧ್ಯೆ ಮಧ್ಯೆ ಕೌಂಟರಿಗೆ ಹೋಗಿಬರುವುದು ಎಂದು ಕೆಲಸ ಹಂಚಿಕೊಂಡರು. ಕೆಲಸ ಓಡಿತು. ಹೀಗೇ ಹೋದರೆ ಮಧ್ಯಾಹ್ನಕ್ಕೆ ಮುಗಿಯಿತು ಎಂದು ಅವನಿಗೆ ಮೊದಲ ಬಾರಿಗೆ ಉಸಿರು ಬಂತು. ದೊಡ್ಡಮ್ಮನಿಗೆ ಕೊಡುವ ಪ್ರತಿಯನ್ನು ಮಾತ್ರ ಬೇರೆ ಎತ್ತಿಟ್ಟುಕೊಂಡ. ಅದನ್ನು ಸೀಲಿಗೆ ಕೊಡುವ ಮನಸ್ಸಾಗಲಿಲ್ಲ.

ಅಟೆಂಡರಿನ ಕೈಗೆ ಮೂವತ್ತು ವರ್ಷ ಸರ್ವೀಸಾಗಿತ್ತು. ಸೀಲು ಹೊಡೆಯುವಾಗ ಅವನ ಕಣ್ಣು ಕಿಟಕಿಯಾಚೆ ಇರುತ್ತಿತ್ತು, ಕೈ ತಾನೇ ಕೆಲಸ ಮಾಡಿಕೊಳ್ಳುತ್ತಿತ್ತು. ಮೇಜಿನ ಮೇಲೆ ‘ತಂತಿ’ಯ ಪಕ್ಕದಲ್ಲಿಯೇ ಅಷ್ಟೇ ಎತ್ತರದ ಇನ್ನೊಂದು ಸೀಲು ಇತ್ತು. ಮಧ್ಯೆ ಮಧ್ಯೆ ಬರುವ ನೀರಿನ ಬಿಲ್ಲಿನ ಮೇಲೆ ಅವನೇ ಹೊಡೆಯಬೇಕಾದಂಥದ್ದು. ಕೌಂಟರಿನಿಂದ ವಾಪಸು ಬಂದ ಮೀಟರ್ ಸಾಹಿತಿ ಮುಗಿದ ಪುಸ್ತಕವೊಂದನ್ನು ತೆರೆದು ನೋಡಿದಾಗ ಮೊದಲ ವಾಕ್ಯ ಹೀಗಿತ್ತು: ‘ಅವನು ಪಿಟೀಲಿನ ನಾಲ್ಕು ಮೀಟರ್ ಕೆಟ್ಟಿದೆಗಳನ್ನೂ ಮೆತ್ತನೆಯ ಬಟ್ಟೆಯಿಂದ ಒರೆಸಿ.’

‘ಅಯ್ಯೋ ನಿನ್ನ. ಇದೇನಯ್ಯಾ ಮಾಡಿಟ್ಟಿದ್ದೀಯ.’

‘ಅರ್ಥ ಆಗುತ್ತೆ ಬಿಡಿ ಸಾರ್. ಒಟ್ಟಿನಲ್ಲಿ ಕೆಟ್ಟಿದೆ ಅಂತ ತಾನೇ’ ಎಂದ ಅಟೆಂಡರ್, ಒಂದು ಚೂರೂ ಬೇಜಾರಿಲ್ಲದೆ.

ಆ ಸೀಲು ಇಲ್ಲಿಗೆ ಬಂದರೆ ಈ ಸೀಲು ಎಲ್ಲಿಗೆ ಹೋಗಿರಬೇಕು ಎಂದು ಅವನು ಯೋಚಿಸುವ ಮೊದಲೇ ಕೌಂಟರಿನಲ್ಲಿ ಗಲಾಟೆ ಶುರುವಾಯಿತು. ದಪ್ಪ ಮನುಷ್ಯನೊಬ್ಬ ಬಿಲ್ಲು ಬೀಸುತ್ತಾ ಇದ್ಯಾವುದು ಹೊಸ ತೆರಿಗೆ ಎಂದು ಕೇಳುತ್ತಿದ್ದ. ನೀರಿನ ಬಿಲ್ಲಿನಲ್ಲಿ ತಂತಿ ಯಾಕೆ ಬಂತು, ನಮ್ಮನೆಗೆ ಬರೋದು ಕೊಳಾಯಿ, ಕರೆಂಟಿನವರ ಬಾಕಿಯನ್ನೂ ನೀವೇ ವಸೂಲಿ ಮಾಡ್ತೀರೇನು ಎಂದು ಕೂಗಿದ. ಅವನ ಹಿಂದೆ ನಿಂತವರೂ ತಮ್ಮ ತಮ್ಮ ಬಿಲ್ಲು ತಿರುಗಿಸಿ ನೋಡಿಕೊಂಡರು. ಎಲ್ಲದರ ಮೇಲೂ ತಂತಿ. ಸಾಹೇಬರು ಹೊರಗೆ ಬಂದರು.

ಸಾಹೇಬರಿಗೆ ಕೋಪ ಬಂದದ್ದು ಕೆಲಸ ಬಿಟ್ಟು ಪುಸ್ತಕ ತಿದ್ದುತ್ತಿದ್ದುದಕ್ಕಲ್ಲ. ತಮ್ಮ ಅನುಮತಿಯಿಲ್ಲದೆ ಕಚೇರಿಯೊಳಗೆ ಒಂದು ಸೀಲು ಬಂದಿದೆ ಎಂಬುದಕ್ಕೆ. ಇವತ್ತು ತಂತಿ ಅಂತೀರಿ, ನಾಳೆ ನನ್ನ ರುಜುವಿನದೇ ಸೀಲು ಮಾಡಿಸ್ತೀರಿ ಎಂದು ಹಾರಾಡಿದರು. ಮೇಡಂ ತಾವು ಏನೂ ಅರಿಯದವರಂತೆ ಟೈಪು ಮಾಡತೊಡಗಿದ್ದರು. ಅವರು ಟೈಪು ಮಾಡುತ್ತಿದ್ದದ್ದು ಮೀಟರ್ ಸಾಹಿತಿಗೆ ಕೊಡಬೇಕಾದ ಮೆಮೊ. ಅವನು ಅದಕ್ಕೆ ಸಹಿ ಹಾಕಿ ತೆಗೆದುಕೊಂಡು, ಸಾಹೇಬರು ಊಟಕ್ಕೆ ಹೋದ ಮೇಲೆ ‘ಮೀಟರ್ ಕೆಟ್ಟಿದೆ’ ಎಂಬುದನ್ನೆಲ್ಲ ಮತ್ತೆ ಹೊಡೆದುಹಾಕಲು ಕೂತ. ಅನ್ನ ನೀರು ಮುಟ್ಟಲಿಲ್ಲ. ಲೋಕದಲ್ಲಿ ಒಬ್ಬ ಮನುಷ್ಯ ಒಂದು ಮಾತನ್ನು ಇದ್ದ ಹಾಗೆ ಹೇಳಬೇಕೆಂದರೆ ಎಷ್ಟು ಜನ ಅಡ್ಡ ಬರುತ್ತಾರೆ ಎಂದು ಯೋಚಿಸಿ ಯೋಚಿಸಿ ಅವನ ಕಣ್ಣಲ್ಲಿ ನೀರೇ ಬಂತು.

ಎಲ್ಲ ಮುಗಿದ ಮೇಲೆ ಎತ್ತಿಟ್ಟಿದ್ದ ದೊಡ್ಡಮ್ಮನ ಪ್ರತಿ ತೆಗೆದ. ಕರಿಯ ಶಾಯಿಯಲ್ಲಿ, ತನ್ನ ಕೈಯಾರೆ, ಒಂದೊಂದೇ ಅಕ್ಷರ ಗುಂಡಗೆ ತಿದ್ದಿದ. ‘ಆ ಸಂಜೆ ಟೆಲಿಗ್ರಾಂ ಕಡಿದುಹೋಯಿತು’ ಎಂಬ ವಾಕ್ಯ ಬಂದಾಗ ಹಲ್ಲು ಕಚ್ಚಿಕೊಂಡು ಆ ಪದದ ಮೇಲೆ ಮೂರು ಸಲ ಗೆರೆ ಎಳೆದ. ಕಾಗದ ಹರಿಯುವುದೊಂದು ಬಾಕಿ. ಅದರ ಮೇಲೆ ‘ತಂತಿ’ ಎಂದು ಬರೆದ ಮೇಲೆಯೇ ಅವನ ಜೀವಕ್ಕೆ ಸಮಾಧಾನವಾದದ್ದು.

ಸಂಜೆ ಸಭಾಂಗಣ ಅವನು ಎಣಿಸಿದ್ದಕ್ಕಿಂತ ತುಂಬಿತ್ತು. ದೊಡ್ಡಪ್ಪನ ಶಿಷ್ಯರು, ಅಂದಿನ ಮಕ್ಕಳು ಈಗ ತಲೆ ನರೆತವರು, ಮುಂದಿನ ಸಾಲುಗಳಲ್ಲಿ ಕೂತಿದ್ದರು. ಹೆಡ್‌ಮೇಷ್ಟ್ರು ಹೊಸ ಶರ್ಟು ಹಾಕಿಕೊಂಡು ಬಂದಿದ್ದರು. ಪ್ರಕಾಶಕ ಬಾಗಿಲ ಬಳಿ ಮೇಜು ಹಾಕಿ, ಪುಸ್ತಕ ತೆರೆದು ನೇರಳೆ ಮಸಿಯನ್ನು ನೋಡಿ, ಒಳ್ಳೆ ಡಿಸೈನು ಸಾರ್ ಎಂದ. ದೊಡ್ಡಪ್ಪನನ್ನು ಇಬ್ಬರು ಶಿಷ್ಯರು ತೋಳು ಹಿಡಿದು ಕರೆತಂದು ವೇದಿಕೆಯ ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ದೊಡ್ಡಮ್ಮ, ಬಿಗಿಯಾಗಿ ತಲೆ ಬಾಚಿಕೊಂಡು, ತನ್ನ ಗಂಡನಿಗೆ ಆಗಬೇಕಾದ್ದು ಈಗ ಆಗುತ್ತಿದೆ ಎಂಬ ಗತ್ತಿನಲ್ಲಿ. ಆ ತಂತಿಯ ಸಂಕಟವನ್ನು ಅರವತ್ತು ವರ್ಷ ತಾನೂ ಹಂಚಿಕೊಂಡವಳು. ಪಿಟೀಲಿಗೆ ಹೊಸ ತಂತಿ ತಂದಾಗಲೆಲ್ಲ, ಇದಾದ್ರೂ ಕಡೀದೇ ಇರ್ಲಪ್ಪ ಎಂದು ಕೈಮುಗಿದು ಕೊಡುತ್ತಿದ್ದಳಂತೆ.

ಮೀಟರ್ ಸಾಹಿತಿ ದೊಡ್ಡಮ್ಮನ ಪ್ರತಿಯನ್ನೇ ಹಿಡಿದು ಮೊದಲ ಅಧ್ಯಾಯ ಓದಿದ. ಬೆಳಗಿನಿಂದ ಪಟ್ಟ ಪಾಡೆಲ್ಲ ಅವನ ದನಿಗೆ ಬಂದು ಸೇರಿತ್ತೋ ಏನೋ, ಸಭೆ ಸದ್ದಿಲ್ಲದೆ ಕೇಳಿತು. ಶ್ರುತಿ ಕೂಡಿಸಿದ್ದು, ಸೇನಾಧಿಪತಿ ಬಂದದ್ದು, ರಾಗ ಏರಿದ್ದು, ಫಟ್ಟೆಂದು ಸದ್ದಾದದ್ದು. ‘ಆ ಸಂಜೆ ತಂತಿ ಕಡಿದುಹೋಯಿತು, ಅದರೊಂದಿಗೆ ಅವನ ಬದುಕೂ’ ಎಂದು ಓದಿ ತಲೆ ಎತ್ತಿದ. ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಜನ ಚಪ್ಪಾಳೆ ತಟ್ಟಿದರು. ದೊಡ್ಡಪ್ಪ ಕೈಗೋಲು ಎತ್ತಿ ನೆಲಕ್ಕೆ ಎರಡು ಸಲ ಕುಟ್ಟಿದ. ಚಪ್ಪಾಳೆ ನಿಂತಿತು.

‘ಯಾವ ತಂತಿನೋ ಅದು?’ ಎಂದು ಕೇಳಿದ ದೊಡ್ಡಪ್ಪ.

‘ಪಿಟೀಲಿಂದು, ದೊಡ್ಡಪ್ಪ. ಮೇಲಿನ ತಂತಿ.’

‘ಪಿಟೀಲಿನ ತಂತಿ ಕಡಿದ್ರೆ ಯಾವನಾದ್ರೂ ಬದುಕು ಹಾಳಾಯ್ತು ಅಂತ ಅಳ್ತಾನೇನೋ? ಇನ್ನೊಂದು ಹಾಕ್ಕೋತಾನೆ. ನನ್ನ ಜೇಬಲ್ಲಿ ಯಾವಾಗ್ಲೂ ಒಂದು ಸುರುಳಿ ಇರ್ತಿತ್ತು.’

ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಿಟೀಲು ಕಲಿತ ಒಬ್ಬನಿಗೂ ಇಷ್ಟು ಹೊತ್ತು ಈ ಮಾತು ಹೊಳೆದಿರಲಿಲ್ಲ.

‘ನಾನು ಹೇಳಿದ್ದು ಕಂಬದ ತಂತಿ ಕಣೋ. ಟೆಲಿಗ್ರಾಂ ತಂತಿ. ಸೇತುವೆ ಹತ್ರ ಸೈನಿಕರು ಅವತ್ತು ಅದನ್ನ ಕಡಿದುಹಾಕಿದ್ರು. ನಾನು ಅವಳ ಟೆಲಿಗ್ರಾಮಿಗೆ ಕಾಯ್ತಾ ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕೂತಿದ್ದೆ. ಬರ್ತೀನಿ ಅಂತ ಬಂದ್ರೆ ಸ್ಟೇಷನ್ನಿಗೆ ಹೋಗೋದು, ಬರದೇ ಇದ್ರೆ ಬ್ಯಾಂಡಿನವರ ಜೊತೆ ಹೊರಟುಬಿಡೋದು ಅಂತ ತೀರ್ಮಾನ ಮಾಡಿದ್ದೆ. ಕತ್ತಲಾಯ್ತು, ಏನೂ ಬರ್ಲಿಲ್ಲ. ಹೊರಟೆ. ತಂತಿ ಕಡಿದಿದೆ ಅಂತ ಗೊತ್ತಾಗಿದ್ದು ಗಾಡಿ ಹತ್ತಿ ಊರು ದಾಟಿದ ಮೇಲೆ.’ ಮುದುಕ ಕೆಮ್ಮಿ ದನಿ ಸರಿಮಾಡಿಕೊಂಡ. ‘ಇಷ್ಟು ವರ್ಷ ಕೂತು ಬರೆದೆಯಲ್ಲ, ಯಾವ ತಂತಿ ದೊಡ್ಡಪ್ಪ ಅಂತ ಒಂದು ಸಲ ನನ್ನ ಕೇಳಬಾರದಿತ್ತೇನೋ?’

ಮೀಟರ್ ಸಾಹಿತಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಬಾಗಿಲ ಬಳಿಯಿಂದ ಪ್ರಕಾಶಕ ಎದ್ದು ನಿಂತ. ನಾನು ಅಚ್ಚು ಮಾಡಿಸಿದಾಗ ಸರಿಯಾಗೇ ಇತ್ತು, ಇವರೇ ಕೆಡಿಸಿದ್ದು ಎಂದು ಸಭೆಗೆಲ್ಲ ಕೇಳುವಂತೆ ಹೇಳಿದ. ಆ ಮನುಷ್ಯನ ಕೊಬ್ಬು ನೋಡಿ. ಆದರೆ ಏನು ಮಾಡುವುದು, ಅಷ್ಟು ದಪ್ಪದ ಪುಸ್ತಕದಲ್ಲಿ ಬೆಳಿಗ್ಗೆ ‘ಟೆಲಿಗ್ರಾಂ ಕಡಿದುಹೋಯಿತು’ ಎಂಬ ಒಂದೇ ಒಂದು ವಾಕ್ಯ ಸತ್ಯವಾಗಿತ್ತು. ಅದನ್ನೇ ಮೀಟರ್ ಸಾಹಿತಿ ಎಲ್ಲಕ್ಕಿಂತ ಹೆಚ್ಚು ಸಿಟ್ಟಿನಿಂದ ಹೊಡೆದುಹಾಕಿದ್ದ.

ಅಷ್ಟರಲ್ಲಿ ದೊಡ್ಡಮ್ಮ ಕರ್ಚೀಫು ಮಡಿಚಿ ಚೀಲದಲ್ಲಿಟ್ಟುಕೊಂಡಳು.

‘ಅವಳು ಅಂದ್ರೆ ಯಾರು?’ ಎಂದು ಗಂಡನನ್ನು ಕೇಳಿದಳು. ದನಿ ಜೋರಿರಲಿಲ್ಲ. ಆದರೂ ಕೊನೆಯ ಸಾಲಿನವರೆಗೆ ಕೇಳಿಸಿತು.

ದೊಡ್ಡಪ್ಪ ಕೈಗೋಲನ್ನು ಕಾಲ ಸಂದಿಗೆ ಎಳೆದುಕೊಂಡ.

‘ಅರವತ್ತು ವರ್ಷ ನಾನು ಪಿಟೀಲಿನ ತಂತಿಗೆ ಕಣ್ಣೀರು ಹಾಕ್ದೆ. ಇರ್ಲಿ. ಕಂಬದ ತಂತಿ ಕಡಿದಿತ್ತು, ಅದೂ ಸರಿ. ಅವಳು ಟೆಲಿಗ್ರಾಂ ಕಳಿಸಿದ್ಲು ಅನ್ನೋದಕ್ಕೆ ಏನು ಗ್ಯಾರಂಟಿ?’

ದೊಡ್ಡಪ್ಪ ಕಾಣದ ಕಣ್ಣನ್ನು ಅತ್ತ ಇತ್ತ ಹೊರಳಿಸಿದ. ಇಷ್ಟು ವರ್ಷದಲ್ಲಿ ಆ ಮುದುಕನಿಗೆ ಈ ಯೋಚನೆ ಒಂದು ಸಲವೂ ಬಂದಿರಲಿಲ್ಲವೆಂದು ನೋಡಿದವರಿಗೆಲ್ಲ ತಿಳಿಯಿತು. ಪಾಪ ಅನ್ನಿಸಿತು ಕೂಡ. ವಂದನಾರ್ಪಣೆ ಮಾಡಬೇಕಿದ್ದ ಹೆಡ್‌ಮೇಷ್ಟ್ರು ಎದ್ದು ನಿಂತು, ಏನೂ ತೋಚದೆ, ಎಲ್ಲರಿಗೂ ಕಾಫಿ ಇದೆ ಎಂದಷ್ಟೇ ಹೇಳಿ ಕೂತರು.

ದೊಡ್ಡಮ್ಮ ತನ್ನ ಮನೆಗೆ ಹೋಗಲಿಲ್ಲ. ನೆಟ್ಟಗೆ ಮೀಟರ್ ಸಾಹಿತಿಯ ಮನೆಗೆ ಬಂದು, ಅವನು ಬರೆಯುತ್ತಿದ್ದ ಕೋಣೆಯ ಮಂಚದ ಮೇಲೆ ಕೂತಳು. ಎಲ್ಲಾ ಬರೆದೋನು ಇದೊಂದನ್ನ ಯಾಕೋ ಮುಚ್ಚಿಟ್ಟೆ ಎಂದು ಅವನ ಮೇಲೇ ಹರಿಹಾಯ್ದಳು. ನನಗೂ ಗೊತ್ತಿರಲಿಲ್ಲ ಎಂದು ಅವನು ಆಣೆ ಮಾಡಿದರೂ ನಂಬಲಿಲ್ಲ. ಗೊತ್ತಿಲ್ಲದೆ ಇಷ್ಟು ದಪ್ಪ ಪುಸ್ತಕ ಯಾರಾದರೂ ಬರೆಯುತ್ತಾರೆಯೇ ಎಂಬುದು ಆಕೆಯ ವಾದ.

ದೊಡ್ಡಪ್ಪನ ಫೋನು ಬಂತು. ಕಣ್ಣಿನ ಡ್ರಾಪ್ಸ್ ಎಲ್ಲಿಟ್ಟಿದ್ದಾಳೆ ಕೇಳು ಎಂದ. ಇವನು ಕೇಳಿದ.

‘ಅವಳಿಗೇ ಟೆಲಿಗ್ರಾಂ ಕೊಟ್ಟು ಕೇಳ್ಕೊಳ್ಳಲಿ’ ಎಂದಳು ದೊಡ್ಡಮ್ಮ.

ಡ್ರಾಪ್ಸ್ ಕಪಾಟಿನಲ್ಲೇ ಇರಬೇಕಂತೆ ದೊಡ್ಡಪ್ಪ, ಎಂದು ಇವನು ತಿದ್ದಿ ಹೇಳಿದ. ಕಣ್ಣು ಹೋದರೂ ಮುದುಕನ ಕಿವಿ ಚುರುಕಾಗಿತ್ತು, ಎಲ್ಲ ಕೇಳಿಸಿತ್ತು. ಮೆಲ್ಲಗೆ ಹೇಳಿದ: ‘ಅವಳು ಕಳಿಸಿರಲಿಕ್ಕಿಲ್ಲ ಅಂತ ಈಗ ನನಗೂ ಅನ್ನಿಸ್ತಿದೆ ಅನ್ನು. ನಿನ್ನ ದೊಡ್ಡಮ್ಮನಿಗೆ ಹೇಳು.’

ಮೀಟರ್ ಸಾಹಿತಿ ಹೇಳಿದ. ದೊಡ್ಡಮ್ಮನ ಮುಖದ ಬಿಗಿ ಸ್ವಲ್ಪ ಸಡಿಲವಾದಂತೆ ಕಂಡು ಅವನಿಗೆ ಆಸೆ ಹುಟ್ಟಿತು. ಕಾರು ತರಿಸಲಾ ದೊಡ್ಡಮ್ಮ ಎಂದು ಕೇಳಿದ.

‘ಅದನ್ನ ಮೊದಲು ಬರ್ಕೋ’ ಎಂದಳು ದೊಡ್ಡಮ್ಮ, ಮಂಚದ ಮೇಲೆ ಕಾಲು ಚಾಚಿಕೊಳ್ಳುತ್ತಾ. ‘ಈ ಸುಳ್ಳು ಪುಸ್ತಕ ಬೇಡ. ಮೊದಲಿಂದ ಇನ್ನೊಂದು ಬರಿ. ಮುಗಿಯೋವರೆಗೂ ನಾನು ಇಲ್ಲೇ ಇರ್ತೀನಿ. ಬರೆದ ಹಾಗೆ ಹಾಗೇ ಓದಿ ನೋಡ್ತೀನಿ.’

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನ ಮುಖವನ್ನೊಮ್ಮೆ ನೋಡಿದಳು. ‘ಹಿಂದಿನದಕ್ಕೆ ಹನ್ನೊಂದು ವರ್ಷ ಹಿಡಿದಿತ್ತು, ದೊಡ್ಡಮ್ಮ.’

‘ಹಿಡೀಲಿ ಬಿಡೇ. ನನಗೇನೂ ಅವಸರ ಇಲ್ಲ’ ಎಂದಳು ದೊಡ್ಡಮ್ಮ.